ಕಾಲೇಜಿನ ಸಾಹಸ ಕ್ಲಬ್ ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳಲ್ಲಿ ತರಗತಿ ಶುರುವಾದ ಮೊದಲ ತಿಂಗಳು ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ವಿದ್ಯಾರ್ಥಿಗಳದ್ದು, ಕೆಲವು ಅಪ್ಪ ಅಮ್ಮಂದಿರದ್ದು. ಕೇಳಿದವರ ಮಾತನ್ನು ತಿದ್ದದೆ ಇಟ್ಟಿದ್ದೇವೆ. ಸೇರುವ ಮುಂಚಿನ ಪ್ರಶ್ನೆಗಳು ಮೊದಲು, ಹಗ್ಗದ ಕೆಲಸ ಮತ್ತು ಮುಂದಿನ ತರಬೇತಿ ಕೊನೆಗೆ.

## ಸೇರುವ ಮುಂಚೆ

ಸಾಹಸ ಕ್ಲಬ್ ಅಂದ್ರೆ ಟ್ರಿಪ್ ಹೋಗೋದೇ ತಾನೇ?

ಅಲ್ಲ. ಟ್ರಿಪ್ಪಿನಲ್ಲಿ ದುಡ್ಡು ಕೊಟ್ಟವರನ್ನು ಯಾರೋ ಕರೆದುಕೊಂಡು ಹೋಗಿ ವಾಪಸ್ ತಂದು ಬಿಡುತ್ತಾರೆ. ಕ್ಲಬ್ಬಿನಲ್ಲಿ ಆ ಕೆಲಸ ಸದಸ್ಯರೇ ಮಾಡಬೇಕು. ದಾರಿ ನೋಡಿಕೊಂಡು ಬರುವುದು, ಅನುಮತಿ ತೆಗೆಯುವುದು, ಹೆಸರು ಬರೆದುಕೊಳ್ಳುವುದು, ಹಗ್ಗ ತೊಳೆದು ಒಣಗಿಸುವುದು, ಸಾಲಿನ ಕೊನೆಯಲ್ಲಿ ನಡೆಯುವುದು, ಎಲ್ಲವೂ ಹಂಚಿಕೆಯ ಕೆಲಸ. ತಿಂಗಳಿಗೆ ಒಂದು ಚಾರಣ, ವರ್ಷಕ್ಕೆ ಎರಡು ಮೂರು ಸಲ ಬಂಡೆ ಹತ್ತುವ ಅಭ್ಯಾಸ, ನಡುವೆ ಗಂಟು ಮತ್ತು ಪ್ರಥಮ ಚಿಕಿತ್ಸೆಯ ಪಾಠ ನಡೆಸಿದರೆ ವಿದ್ಯಾರ್ಥಿ ಕ್ಲಬ್ಬಿಗೆ ಸಾಕಷ್ಟಾಯಿತು. ಬೆಟ್ಟದ ತುದಿಯ ಫೋಟೋ ಮಾತ್ರ ಬೇಕಿದ್ದವರು ಎರಡನೇ ತಿಂಗಳಿಗೇ ಬೇಸರಪಟ್ಟು ಬಿಡುತ್ತಾರೆ. ಸೇರುವ ಮುಂಚೆಯೇ ಇದು ಗೊತ್ತಿದ್ದರೆ ಸೇರುವವರಿಗೂ ಕ್ಲಬ್ಬಿಗೂ ಒಳ್ಳೆಯದು.

ನಂಗೆ ಆಟ ಗೀಟ ಏನೂ ಅಭ್ಯಾಸ ಇಲ್ಲ, ಸ್ವಲ್ಪ ದಪ್ಪ ಬೇರೆ. ಸೇರಿಸ್ಕೋತಾರಾ?

ಸೇರಿಸಿಕೊಳ್ಳಬೇಕು. ಮೊದಲ ಚಾರಣಕ್ಕೆ ಓಟಗಾರನ ಕಾಲು ಬೇಕಿಲ್ಲ, ಮೂರು ನಾಲ್ಕು ಗಂಟೆ ನಿಧಾನವಾಗಿ ನಡೆಯುವ ಉಸಿರು ಇದ್ದರೆ ಸಾಕು. ಅದು ಇದೆಯೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯಬಹುದು. ಮೂರು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿ, ಮೇಲೆ ನಿಂತ ತಕ್ಷಣ ಒಂದು ಪೂರ್ತಿ ವಾಕ್ಯ ಮಾತಾಡಿ ನೋಡಿ. ನಡುವೆ ಉಸಿರು ಕಟ್ಟಿದರೆ ನಾಲ್ಕು ವಾರ ತಯಾರಿ ಬೇಕು.

ಆ ನಾಲ್ಕು ವಾರ ಹೀಗೆ: ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡಿಗೆ. ಎರಡನೇ ವಾರದಿಂದ ಅದರಲ್ಲಿ ಹತ್ತು ನಿಮಿಷ ಮೆಟ್ಟಿಲು. ಮೂರನೇ ವಾರ ಬೆನ್ನಿಗೆ ಬ್ಯಾಗ್ ಹಾಕಿ, ಒಳಗೆ ಎರಡು ಲೀಟರಿನ ಎರಡು ನೀರಿನ ಬಾಟಲಿ ಇಡಿ. ನಾಲ್ಕು ಕಿಲೋ ಆಯಿತು, ಚಾರಣದ ಭಾರವೂ ಅಷ್ಟೇ. ಮೆಟ್ಟಿಲು ಹತ್ತುವುದರ ಜೊತೆಗೆ ಇಳಿಯುವುದನ್ನೂ ಅಭ್ಯಾಸ ಮಾಡಿ. ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿದದ್ದರಿಂದಲೇ.

ಫಾರ್ಮ್ ಜೊತೆ ಏನೇನು ಕೊಡಬೇಕು?

ಕಾಲೇಜಿನ ಗುರುತಿನ ಚೀಟಿಯ ಪ್ರತಿ, ರಕ್ತದ ಗುಂಪು, ತುರ್ತಿಗೆ ಕರೆಯಲು ಮನೆಯವರ ಎರಡು ಫೋನ್ ನಂಬರು, 18 ತುಂಬದಿದ್ದರೆ ಅಪ್ಪ ಅಥವಾ ಅಮ್ಮನ ಒಪ್ಪಿಗೆ ಪತ್ರ. ಇವೆಲ್ಲಕ್ಕಿಂತ ಮುಖ್ಯ ಆರೋಗ್ಯದ ವಿವರ. ಉಬ್ಬಸ, ಫಿಟ್ಸ್, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಹಿಂದೆ ಜಾರಿದ ಭುಜ, ಜೇನು ಕಚ್ಚಿದರೆ ಮೈಯೆಲ್ಲ ಊದುವ ಅಲರ್ಜಿ, ಯಾವುದಿದ್ದರೂ ಬರೆಯಿರಿ. ಬರೆದರೆ ಕರೆದೊಯ್ಯಲ್ಲ ಎಂಬ ಭಯಕ್ಕೆ ಎಷ್ಟೋ ಮಂದಿ ಮುಚ್ಚಿಡುತ್ತಾರೆ. ಉಬ್ಬಸ ಇರುವವರು ವೈದ್ಯರನ್ನು ಕೇಳಿ, ಇನ್‌ಹೇಲರ್ ಇಟ್ಟುಕೊಂಡು ಆರಾಮಾಗಿ ಬೆಟ್ಟ ಹತ್ತುತ್ತಾರೆ. ಇನ್‌ಹೇಲರ್ ಬ್ಯಾಗಿನ ಯಾವ ಜೇಬಿನಲ್ಲಿದೆ ಎಂದು ಜೊತೆಯವರಿಗೆ ಗೊತ್ತಿಲ್ಲದಿದ್ದಾಗಲೇ ಅಪಾಯ.

ಎಷ್ಟು ಖರ್ಚು ಬರುತ್ತೆ? ನಮ್ಮ ಮನೇಲಿ ಜಾಸ್ತಿ ಕೊಡಕ್ಕಾಗಲ್ಲ.

ಹತ್ತಿರದ ಬೆಟ್ಟಕ್ಕೆ ಒಂದು ದಿನ ಹೋಗಿಬರುವ ಖರ್ಚಿನಲ್ಲಿ ಬಸ್ಸು, ಪ್ರವೇಶ ಶುಲ್ಕ, ಊಟ ಬಿಟ್ಟರೆ ಬೇರೇನಿಲ್ಲ. ಊಟ ಮನೆಯಿಂದ ತಂದರೆ ಅದೂ ಉಳಿಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ವಿಳಾಸ ಇರುವ ಗುರುತಿನ ಚೀಟಿ ತನ್ನಿ. ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ. ಮಧುಗಿರಿ, ಪಾವಗಡ ಕಡೆ ಖಾಸಗಿ ಬಸ್ಸೇ ಹೆಚ್ಚು ಸಿಗುವುದರಿಂದ ಹೊರಡುವ ಮುಂಚೆ ಸರ್ಕಾರಿ ಬಸ್ಸಿನ ಸಮಯ ಕೇಳಿಕೊಳ್ಳಿ.

ಟೆಂಟು, ಸ್ಲೀಪಿಂಗ್ ಬ್ಯಾಗು, ಹಾರ್ನೆಸ್ಸು (ಹಗ್ಗಕ್ಕೆ ಸೇರಿಸಲು ಸೊಂಟ, ತೊಡೆಗೆ ಬಿಗಿಯುವ ಪಟ್ಟಿ) ಯಾವುದನ್ನೂ ಮೊದಲ ವರ್ಷ ಸ್ವಂತಕ್ಕೆ ಕೊಳ್ಳಬೇಡಿ. ಅವು ಕ್ಲಬ್ಬಿನದ್ದಾಗಿರಬೇಕು. ಮೊದಲ ದುಡ್ಡು ಶೂಗೆ, ಎರಡನೆಯದು ತಲೆಗೆ ಕಟ್ಟುವ ಟಾರ್ಚಿಗೆ.

ವಿಮೆಯ ವಿಷಯ ಕ್ಲಬ್ಬನ್ನು ನೇರವಾಗಿ ಕೇಳಿ. ಬ್ಯಾಂಕ್ ಖಾತೆಯಿದ್ದು 18 ತುಂಬಿದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿಗೆ ಸಿಗುತ್ತದೆ. ಆದರೆ ಅದು ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆಯ ಬಿಲ್ಲಿಗಲ್ಲ. ಬೇರೆ ವಿಮೆ ಇದ್ದರೆ ‘ಸಾಹಸ ಕ್ರೀಡೆ ಹೊರತುಪಡಿಸಿ’ ಎಂಬ ಸಾಲು ಅದರಲ್ಲಿ ಇದೆಯೇ ಎಂದು ಹುಡುಕಿ ನೋಡಿ.

ನನ್ನ ಮಗಳು ಕ್ಲಬ್ ಸೇರ್ತೀನಿ ಅಂತ ಹಟ ಹಿಡಿದಿದಾಳೆ. ಕಳಿಸೋದಾ ಬೇಡ್ವಾ, ನೀವೇ ಹೇಳಿ.

ಅಮ್ಮ, ಕಳಿಸುವ ಮುಂಚೆ ಕ್ಲಬ್ಬಿನವರಿಂದ ಒಂದು ಹಾಳೆ ಕೇಳಿ ತೆಗೆದುಕೊಳ್ಳಿ. ಎಲ್ಲಿಗೆ, ಯಾವ ದಾರಿ, ಎಷ್ಟು ಜನ, ಜೊತೆಗೆ ಬರುವ ಅಧ್ಯಾಪಕರು ಯಾರು, ಮೇಡಂ ಒಬ್ಬರು ಬರುತ್ತಾರೋ ಇಲ್ಲವೋ, ಎಷ್ಟು ಹೊತ್ತಿಗೆ ವಾಪಸ್, ಬೆಟ್ಟದ ಮೇಲೆ ಸಿಗ್ನಲ್ ಇಲ್ಲದಿದ್ದರೆ ಎಷ್ಟು ಹೊತ್ತಿಗೆ ಮೊದಲ ಫೋನು, ಇಷ್ಟೂ ಅದರಲ್ಲಿ ಇರಬೇಕು. ಒಳ್ಳೆಯ ಕ್ಲಬ್ಬು ಈ ಹಾಳೆಯನ್ನು ನೀವು ಕೇಳುವ ಮುಂಚೆಯೇ ಕೊಟ್ಟಿರುತ್ತದೆ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಆ ಕ್ಲಬ್ಬಿಗೆ ಕಳಿಸಬೇಡಿ.

ಹೆಣ್ಣುಮಕ್ಕಳು ಇರುವ ತಂಡಕ್ಕೆ ಅಧ್ಯಾಪಕಿ ಅಥವಾ ಅನುಭವವಿರುವ ಹಿರಿಯ ವಿದ್ಯಾರ್ಥಿನಿ ಬರಲೇಬೇಕು. ಈ ನಿಯಮದಲ್ಲಿ ರಿಯಾಯಿತಿ ಕೂಡದು. ಸಾಧ್ಯವಾದರೆ ಕ್ಲಬ್ಬಿನ ಮೊದಲ ಸಭೆಗೆ ನೀವೇ ಒಮ್ಮೆ ಬಂದು ಕೂತು ನೋಡಿ.

ಕ್ಲಬ್ ಚೆನ್ನಾಗಿದೆಯೋ ಇಲ್ವೋ ಹೊರಗಿನಿಂದ ಹೆಂಗೆ ಗೊತ್ತಾಗುತ್ತೆ?

ಮೂರು ಪ್ರಶ್ನೆ ಕೇಳಿ. ಒಂದು, ಕಳೆದ ವರ್ಷ ಯಾವ ಚಾರಣವನ್ನು ಅರ್ಧಕ್ಕೆ ನಿಲ್ಲಿಸಿ ವಾಪಸ್ ಬಂದಿರಿ, ಯಾಕೆ? ‘ಒಂದೂ ಇಲ್ಲ’ ಎಂಬ ಉತ್ತರ ಬಂದರೆ ಅನುಮಾನಪಡಿ. ಮಳೆ, ಬಿಸಿಲು, ಕಾಲು ಉಳುಕು ಇಲ್ಲದ ವರ್ಷ ಇಲ್ಲ. ಎರಡು, ಹಗ್ಗದ ದಾಖಲೆ ಪುಸ್ತಕ ತೋರಿಸಿ. ಯಾವಾಗ ಕೊಂಡದ್ದು, ಯಾವ ದಿನ ಎಲ್ಲಿ ಬಳಸಿದ್ದು ಎಂದು ಬರೆದಿರಬೇಕು. ಮೂರು, ಎಷ್ಟು ಮಂದಿಗೆ ಒಬ್ಬ ಲೀಡರ್? ಕಾಲುದಾರಿಯ ಚಾರಣಕ್ಕೆ ಎಂಟು ಹತ್ತು ಮಂದಿಗೆ ಒಬ್ಬರು, ತಂಡ ಎಷ್ಟೇ ಚಿಕ್ಕದಾದರೂ ಕನಿಷ್ಠ ಇಬ್ಬರು. ಒಬ್ಬರು ಗಾಯಾಳುವಿನ ಜೊತೆ ಉಳಿದರೆ ಇನ್ನೊಬ್ಬರು ಉಳಿದವರನ್ನು ಇಳಿಸಬೇಕಲ್ಲ, ಅದಕ್ಕೆ.

## ಮೊದಲ ಚಾರಣ

ಮೊದಲ ಸಲಕ್ಕೆ ಯಾವ ಬೆಟ್ಟ ಒಳ್ಳೇದು?

ತುಮಕೂರಿನವರಿಗೆ ದೇವರಾಯನದುರ್ಗ. ನಾಮದ ಚಿಲುಮೆ ನೋಡಿಕೊಂಡು, ಭೋಗನರಸಿಂಹನ ಗುಡಿಯಿಂದ ಮೇಲಿನ ಯೋಗನರಸಿಂಹನ ಗುಡಿವರೆಗೆ ಹತ್ತಿದರೆ ಹೊಸಬರಿಗೆ ಸರಿಯಾದ ಅಳತೆ. ಅರ್ಧ ದಾರಿಯಲ್ಲಿ ಯಾರಿಗಾದರೂ ಆಗದಿದ್ದರೆ ಇಳಿಸಿ ಕರೆತರಲು ರಸ್ತೆ ಹತ್ತಿರವೇ ಇದೆ. ಚಿಕ್ಕಬಳ್ಳಾಪುರದವರಿಗೆ ಗುಡಿಬಂಡೆ ಕೋಟೆ ಹೇಳಿ ಮಾಡಿಸಿದ್ದು. ಮೆಟ್ಟಿಲಿದೆ, ದಾರಿ ತಪ್ಪುವುದಿಲ್ಲ, ಮೇಲೆ ನಿಂತರೆ ಅಮಾನಿ ಭೈರಸಾಗರ ಕೆರೆ ಪೂರ್ತಿ ಕಾಣುತ್ತದೆ. ಕೋಲಾರದವರಿಗೆ ಊರ ಮಗ್ಗುಲಲ್ಲೇ ಅಂತರಗಂಗೆ. ಗುಡಿಯವರೆಗೆ ಮೆಟ್ಟಿಲು, ಅಲ್ಲಿಂದ ಮೇಲೆ ಶತಶೃಂಗದ ಗುಂಡುಗಳ ನಡುವೆ ಕಾಲುದಾರಿ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮೊದಲ ಚಾರಣಕ್ಕೆ ಇಟ್ಟುಕೊಳ್ಳಬೇಡಿ. ಕೆಳಗಿನ ಕೋಟೆ ಬಾಗಿಲುಗಳು ಸುಲಭ, ಮೇಲಿನ ಅರ್ಧದಲ್ಲಿ ಬರೀ ಬೋಳು ಬಂಡೆ. ಬಂಡೆಯಲ್ಲೇ ಕೊರೆದ ಕಾಲ್ಗುಳಿ ಹಿಡಿದು ಹತ್ತುವಾಗ ಹೊಸಬರು ಹೆದರಿ ನಾಲ್ಕೂ ಕೈಕಾಲು ಊರಿ ಕೂತುಬಿಡುತ್ತಾರೆ. ಇಲ್ಲಿ ಒಂದು ಪಾಠ ಇದೆ. ಇಳಿಜಾರು ಬಂಡೆಯ ಮೇಲೆ ಮುಂದಕ್ಕೆ ಬಾಗಿ ಕೈಯೂರಿದಷ್ಟೂ ಪಾದದ ಮೇಲಿನ ಭಾರ ಕಮ್ಮಿಯಾಗಿ ಶೂ ಜಾರುತ್ತದೆ. ನೆಟ್ಟಗೆ ನಿಂತು, ಪೂರ್ತಿ ಅಂಗಾಲು ಊರಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟರೆ ಕಲ್ಲು ಶೂವನ್ನು ಹಿಡಿದುಕೊಳ್ಳುತ್ತದೆ. ಬಂಡೆಯ ಮೇಲೆ ಉದ್ದಕ್ಕೆ ಇಳಿದ ಕಪ್ಪು ಪಟ್ಟೆ ಕಾಣುತ್ತದಲ್ಲ, ಅದು ಮಳೆ ನೀರು ಹರಿಯುವ ದಾರಿ. ಒಣಗಿದ್ದಾಗ ಏನೂ ಅನಿಸುವುದಿಲ್ಲ, ಒದ್ದೆಯಾದಾಗ ಸೋಪಿನಂತೆ ಜಾರುತ್ತದೆ. ತುಂತುರು ಶುರುವಾದರೂ ಅದರ ಮೇಲೆ ಕಾಲಿಡಬೇಡಿ.

ಕಾಲೇಜ್ ಶೂ, ಕ್ಯಾನ್‌ವಾಸ್ ನಡೆಯುತ್ತಾ?

ತಳ ನೋಡಿ. ಮೆತ್ತನೆಯ ರಬ್ಬರಿನ, ಆಳವಾದ ಗೆರೆಗಳಿರುವ ಸ್ಪೋರ್ಟ್ಸ್ ಶೂ ಆದರೆ ನಡೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನಂಥ ತಳ, ಸವೆದು ನುಣುಪಾದ ತಳ, ಸ್ಯಾಂಡಲ್, ಕ್ರಾಕ್ಸ್ ಬೇಡ. ಹೆಬ್ಬೆರಳಿನ ಮುಂದೆ ಅರ್ಧ ಬೆರಳು ಜಾಗ ಇರಲಿ, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹೊಸ ಶೂವನ್ನು ಚಾರಣದ ದಿನ ಮೊದಲ ಸಲ ಹಾಕಬೇಡಿ. ಕಮ್ಮಿ ಅಂದರೆ ಹದಿನೈದು ದಿನ ಕಾಲೇಜಿಗೆ ಹಾಕಿಕೊಂಡು ಹೋಗಿ. ಹಿಮ್ಮಡಿ ಉರಿ ಶುರುವಾದ ತಕ್ಷಣ, ಬೊಬ್ಬೆ ಏಳುವ ಮುಂಚೆ, ನಿಂತು ಅಂಟುಪಟ್ಟಿ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ.

ನೀರು ಎಷ್ಟು ಒಯ್ಯಬೇಕು? ಬ್ಯಾಗಲ್ಲಿ ಇನ್ನೇನು?

ಒಬ್ಬೊಬ್ಬರಿಗೂ ಮೂರು ಲೀಟರ್. ನಮ್ಮ ಬೋಳು ಬೆಟ್ಟಗಳ ಮೇಲೆ ದೊಣೆಯ ನೀರು ಕಂಡರೂ ಅದು ನಿಂತ ನೀರು, ಕುಡಿಯಲು ಬೇಡ. ಒಂದು ಲೀಟರ್ ನೀರಿಗೆ ದೊಡ್ಡ ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಹಾಕಿ. ಅರ್ಧ ಪೊಟ್ಟಣವನ್ನು ಕೈಯಳತೆಯಲ್ಲಿ ಹಾಕುವುದು, ದಪ್ಪಗೆ ಕಲಸುವುದು ಎರಡೂ ತಪ್ಪು. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ಕುಡಿದರೆ ತಲೆಸುತ್ತು, ಮೀನಖಂಡದ ಸೆಳೆತ ಬರುತ್ತದೆ.

ಉಳಿದದ್ದು: 25–30 ಲೀಟರಿನ ಬೆನ್ನಚೀಲ, ಟೋಪಿ, ತುಂಬುತೋಳಿನ ಅಂಗಿ, ತಲೆಗೆ ಕಟ್ಟುವ ಟಾರ್ಚು, ಸೀಟಿ, ಮಳೆ ಇದ್ದರೆ ರೇನ್‌ಕೋಟು, ನಿಮ್ಮದೇ ಔಷಧಿ, ಕಸಕ್ಕೆ ಒಂದು ಖಾಲಿ ಚೀಲ. ಹಗಲಲ್ಲೇ ವಾಪಸ್ ಬರುವುದಾದರೂ ಟಾರ್ಚು ಬಿಡಬೇಡಿ. ಒಬ್ಬರ ಕಾಲು ಉಳುಕಿದರೆ ಇಳಿಯುವ ಹೊತ್ತು ಎರಡು ಗಂಟೆ ಮುಂದೆ ಹೋಗುತ್ತದೆ, ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು. ಸೀಟಿಯ ಭಾಷೆಯೂ ಗೊತ್ತಿರಲಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಿದರೆ ‘ಸಹಾಯ ಬೇಕು’ ಎಂದು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ.

ತಿನ್ನೋಕೆ ಏನು ಕಟ್ಕೊಂಡು ಹೋಗೋದು?

ಪುಳಿಯೋಗರೆ, ಇಲ್ಲವೇ ಚಪಾತಿ ಮತ್ತು ಒಣ ಪಲ್ಯ. ಹುಣಸೆಹಣ್ಣಿನ ಹುಳಿ, ಎಣ್ಣೆ ಇರುವುದರಿಂದ ಪುಳಿಯೋಗರೆ ಮಧ್ಯಾಹ್ನಕ್ಕೂ ಹಳಸುವುದಿಲ್ಲ. ಕಾಯಿ ತುರಿದು ಹಾಕಿದ ಚಿತ್ರಾನ್ನ ಬಿಸಿಲಿನ ಬ್ಯಾಗಿನಲ್ಲಿ ಹನ್ನೊಂದು ಗಂಟೆಗೇ ವಾಸನೆ ಬರುತ್ತದೆ. ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಆಗಲೇ ಮುಚ್ಚಬೇಡಿ, ಪೂರ್ತಿ ಆರಿಸಿ ಕಟ್ಟಿ. ನಡಿಗೆಯ ನಡುವೆ ಗಂಟೆಗೊಮ್ಮೆ ಒಂದು ಹಿಡಿ ಕಡಲೆಕಾಯಿ ಚಿಕ್ಕಿ ಅಥವಾ ಖರ್ಜೂರ. ಬೆಲ್ಲ ಬೆರೆಸಿದ ಹುರಿಹಿಟ್ಟಿನ ಉಂಡೆ ಇದ್ದರಂತೂ ಅಂಗಡಿಯ ಎನರ್ಜಿ ಬಾರು ಗೀರು ಬೇಡ.

ಸ್ಕಂದಗಿರಿಗೆ ರಾತ್ರಿ ಹತ್ತಿ ಸೂರ್ಯೋದಯ ನೋಡಬೇಕು. ಕರ್ಕೊಂಡು ಹೋಗ್ತೀರಾ?

ನಡುರಾತ್ರಿ ಕಳ್ಳದಾರಿಯಲ್ಲಿ ಇಲ್ಲ. ಸ್ಕಂದಗಿರಿ, ಅಂದರೆ ಕಳವಾರ ಬೆಟ್ಟ, ಅರಣ್ಯ ಇಲಾಖೆಯ ಸುಪರ್ದಿನಲ್ಲಿದೆ. ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿ, ಗುರುತಿನ ಚೀಟಿ ತೋರಿಸಿ, ಅವರು ಬಿಟ್ಟ ಹೊತ್ತಿಗೆ, ಅವರ ಗೈಡ್ ಜೊತೆ ಹತ್ತಬೇಕು. ಹೊತ್ತು, ಶುಲ್ಕ, ದಿನಕ್ಕೆ ಎಷ್ಟು ಮಂದಿ ಎಂಬುದು ಬದಲಾಗುತ್ತಿರುತ್ತದೆ, ಕಾಳ್ಗಿಚ್ಚಿನ ಕಾಲದಲ್ಲಿ ದಾರಿಯನ್ನೇ ಮುಚ್ಚುವುದುಂಟು. ಆದ್ದರಿಂದ ಆ ವಾರ ನೋಡಿಯೇ ದಿನ ಗೊತ್ತು ಮಾಡಿ. ಹಳ್ಳಿಯ ಹುಡುಗರು ‘ಬೇರೆ ದಾರಿ ಇದೆ, ದುಡ್ಡು ಕೊಡಿ’ ಅಂದರೆ ಒಪ್ಪಬೇಡಿ. ಅಲ್ಲಿ ಕಾಲು ಮುರಿದರೆ ನೀವು ಎಲ್ಲಿದ್ದೀರಿ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ನಡುವೆ ನಂಗೆ ಆಗಲ್ಲ ಅನ್ಸಿದ್ರೆ? ಬಿಟ್ಟು ಹೋಗ್ತಾರಾ?

ಬಿಡುವಂತಿಲ್ಲ. ತಂಡದ ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಮುಂದಿನವರನ್ನು ಯಾರೂ ದಾಟಬಾರದು, ಕೊನೆಯವರ ಹಿಂದೆ ಯಾರೂ ಉಳಿಯಬಾರದು. ಕೊನೆಯ ಜಾಗಕ್ಕೆ ತಂಡದ ಗಟ್ಟಿ ಆಳನ್ನೇ ಹಾಕಬೇಕು. ಪ್ರತಿ ಕವಲಿನಲ್ಲಿ ನಿಂತು ತಲೆ ಎಣಿಸಿಯೇ ಮುಂದೆ. ವೇಗ ಹಿಂದಿನವರದ್ದು.

ಇದರ ಜೊತೆಗೆ ಹೊರಡುವ ಮುಂಚೆಯೇ ಹಿಂತಿರುಗುವ ಹೊತ್ತು ಗೊತ್ತಾಗಿರಬೇಕು. ಮಧ್ಯಾಹ್ನ ಒಂದು ಗಂಟೆಗೆ ಅಂದರೆ ಒಂದು ಗಂಟೆಗೇ, ತುದಿ ಹತ್ತೇ ನಿಮಿಷ ದೂರ ಇದ್ದರೂ ಇಳಿಯಬೇಕು. ಹೊಸಬರಿಗೆ ಇದು ಕಲ್ಲು ಮನಸ್ಸಿನ ನಿಯಮ ಅನ್ನಿಸುತ್ತದೆ. ‘ಇನ್ನು ಹತ್ತು ನಿಮಿಷ’ ನಲವತ್ತಾಗುವುದು, ಇಳಿಯುವಾಗ ಅವಸರ ಆಗುವುದು, ಅವಸರದಲ್ಲಿ ಕಾಲು ಜಾರುವುದು, ಹೆಚ್ಚಿನ ಗಾಯಗಳು ಈ ಸಾಲಿನಲ್ಲೇ ಆಗುತ್ತವೆ.

ಅಕ್ಕ, ಡೇಟ್ ಇದ್ದಾಗ ಬರಬಹುದಾ? ಅಲ್ಲಿ ಬಾತ್‌ರೂಮ್ ಇರುತ್ತಾ?

ಮುಟ್ಟಿನ ದಿನವೂ ಬರಬಹುದು, ಹೊಟ್ಟೆನೋವು ಜಾಸ್ತಿ ಇದ್ದರೆ ಮಾತ್ರ ಆ ಸಲ ಬಿಡಿ. ಬೆಟ್ಟದ ಮೇಲೆ ಶೌಚಾಲಯ ಇರುವುದಿಲ್ಲ, ಬುಡದಲ್ಲಿ ಅಥವಾ ಬಸ್ ನಿಲ್ದಾಣದಲ್ಲಿ ಎಲ್ಲಿದೆ ಎಂದು ಹಿರಿಯ ಹುಡುಗಿಯರು ಮೊದಲೇ ನೋಡಿಟ್ಟಿರುತ್ತಾರೆ. ಪೇಪರು, ಜಿಪ್ ಇರುವ ಎರಡು ಕವರು, ಸ್ಯಾನಿಟೈಸರ್ ತನ್ನಿ. ಬಳಸಿದ ಪ್ಯಾಡು, ಪೇಪರನ್ನು ಕವರಿಗೆ ಹಾಕಿ ವಾಪಸ್ ತರಬೇಕು, ಮಣ್ಣಿನಲ್ಲಿ ಹೂತರೆ ನಾಯಿ ನರಿ ಕೆದಕುತ್ತವೆ. ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯದೇ ಇರಬೇಡಿ. ತಲೆ ಸುತ್ತಿ ಬೀಳುವ ಹುಡುಗಿಯರಲ್ಲಿ ಎಷ್ಟೋ ಮಂದಿ ಬೆಳಗಿನಿಂದ ನೀರು ಮುಟ್ಟಿರುವುದಿಲ್ಲ.

## ಅಪಾಯಗಳು

ಹೆಜ್ಜೇನು ಎದ್ದರೆ ಏನ್ ಮಾಡೋದು?

ನಮ್ಮ ಜಿಲ್ಲೆಗಳ ಬಂಡೆಗಳಲ್ಲಿ ಹಾವಿಗಿಂತ ಹೆಚ್ಚು ಯೋಚಿಸಬೇಕಾದದ್ದು ಹೆಜ್ಜೇನನ್ನು. ಕಡಿದಾದ ಬಂಡೆಯ ಚಾಚಿನ ಕೆಳಗೆ, ಕೋಟೆ ಗೋಡೆಯ ಸಂದಿಯಲ್ಲಿ ಅವು ತಟ್ಟಿ ಕಟ್ಟುತ್ತವೆ. ಎಬ್ಬಿಸುವುದು ಹೊಗೆ, ಕಲ್ಲೆಸೆತ, ಕೂಗಾಟ, ಕೆಲವೊಮ್ಮೆ ಸೆಂಟಿನ ವಾಸನೆ. ಚಾರಣದ ದಿನ ಸೆಂಟು, ಘಮ್ಮೆನ್ನುವ ತಲೆಎಣ್ಣೆ ಬೇಡ ಎನ್ನುವುದು ಅದಕ್ಕೇ.

ಒಂದು ಹುಳು ಕಚ್ಚಿದರೆ ಆ ಜಾಗದಿಂದ ಹೊರಡುವ ವಾಸನೆ ಉಳಿದವನ್ನು ಕರೆಯುತ್ತದೆ. ಆದ್ದರಿಂದ ನಿಂತು ಕೈ ಬೀಸಬೇಡಿ, ಹೊಡೆದು ಸಾಯಿಸಬೇಡಿ. ಮುಖ ಕತ್ತು ಮುಚ್ಚಿಕೊಂಡು ಬೇಗ ದೂರ ಹೋಗಿ, ಆದರೆ ಬಂಡೆಯ ಅಂಚು ಎಲ್ಲಿದೆ ಎಂಬ ನೆನಪಿರಲಿ. ದಟ್ಟ ಪೊದೆ, ಬಾಗಿಲು ಹಾಕುವ ಕೋಣೆ, ಬಸ್ಸು ಯಾವುದಾದರೂ ಸರಿ. ನೀರಿಗೆ ಹಾರಬೇಡಿ, ಅವು ಮೇಲೆಯೇ ಕಾಯುತ್ತವೆ. ದೂರ ಬಂದ ಮೇಲೆ ಮುಳ್ಳನ್ನು ಉಗುರಿನಿಂದಲೋ ಗುರುತಿನ ಚೀಟಿಯ ಅಂಚಿನಿಂದಲೋ ಕೆರೆದು ತಡಮಾಡದೆ ತೆಗೆಯಿರಿ. ಉಸಿರು ಕಟ್ಟುವುದು, ತುಟಿ ಊದುವುದು, ಮೈಯೆಲ್ಲ ದದ್ದು ಏಳುವುದು ಕಂಡರೆ ಒಂದೇ ಹುಳು ಕಚ್ಚಿದ್ದರೂ 108ಕ್ಕೆ ಕರೆ ಮಾಡಿ. ಹತ್ತಾರು ಕಡೆ ಕಚ್ಚಿದ್ದರೆ ಲಕ್ಷಣ ಕಾಯದೆ ಆಸ್ಪತ್ರೆಗೆ.

ಹಾವು ಕಚ್ಚಿದ್ರೆ ಕಟ್ಟು ಕಟ್ಟಬೇಕಾ?

ಬೇಡ. ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು, ಸೊಪ್ಪು ಅರೆದು ಹಚ್ಚುವುದು ಯಾವುದೂ ಬೇಡ. ಕೊಳಕುಮಂಡಲದ ವಿಷದಲ್ಲಿ ಬಿಗಿದ ಕಟ್ಟಿನಿಂದ ಆ ಕಾಲೇ ಕೊಳೆಯುವ ಅಪಾಯ ಇದೆ. ಕಚ್ಚಿಸಿಕೊಂಡವರನ್ನು ಕೂರಿಸಿ, ಉಂಗುರ, ಗೆಜ್ಜೆ, ವಾಚು, ಶೂ ತೆಗೆಸಿ. ಮೂಳೆ ಮುರಿದಾಗ ಮಾಡುವಂತೆ ಕೋಲಿಟ್ಟು ಸಡಿಲವಾಗಿ ಸುತ್ತಿ ಕಾಲು ಅಲುಗಾಡದಂತೆ ಮಾಡಿ. ನಡೆಸಬೇಡಿ, ಹೊತ್ತುಕೊಂಡು ಇಳಿಸಿ. ಕಚ್ಚಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ: ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ, ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಒಂದೇ.

ಕರಡಿ, ಚಿರತೆ ಇದಾವಂತಲ್ಲ?

ಇವೆ. ದೇವರಾಯನದುರ್ಗ, ಮಧುಗಿರಿ, ಪಾವಗಡದ ಕಡೆ ಎರಡೂ ಇವೆ. ಚಿರತೆ ಗುಂಪಿನ ಸದ್ದು ಕೇಳಿದರೆ ತಾನೇ ಸರಿದು ಹೋಗುತ್ತದೆ. ಕರಡಿಗೆ ಕಣ್ಣು ಮಂದ, ತಲೆ ಬಗ್ಗಿಸಿ ಹುತ್ತ ಕೆದಕುವಾಗ ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಮೇಲೆ ಬೀಳುತ್ತದೆ. ಮುಂಜಾವ, ಮುಸ್ಸಂಜೆ ಪೊದೆ ಬಂಡೆಗಳ ನಡುವೆ ನಡೆಯಬೇಡಿ. ನಡೆಯಲೇಬೇಕಾದರೆ ಮಾತಾಡುತ್ತ ನಡೆಯಿರಿ, ಗುಹೆಯೊಳಗೆ ಇಣುಕಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಗುಡುಗು ಶುರುವಾದ್ರೆ ಮಂಟಪದಲ್ಲಿ ನಿಂತ್ಕೊಂಡ್ರೆ ಸಾಲ್ದಾ?

ಸಾಲದು. ಬೆಟ್ಟದ ತುದಿಯ ಕಲ್ಲುಮಂಟಪಕ್ಕೆ ಗೋಡೆಯಿಲ್ಲ, ಅದೇ ಅಲ್ಲಿಯ ಅತಿ ಎತ್ತರದ ವಸ್ತು. ಒಂಟಿ ಮರವೂ ಹಾಗೇ. ಮಿಂಚು ಕಂಡ ಮೇಲೆ ಎಣಿಸಿ, ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ತುದಿ ಬಿಟ್ಟು ತಗ್ಗಿಗೆ ಇಳಿಯಿರಿ, ಕಬ್ಬಿಣದ ಕಂಬಿಯಿಂದ ದೂರ ಇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ನಂತರ ಇಂಥ ಮಳೆ ಮಾಮೂಲು. ಆ ತಿಂಗಳು ಹತ್ತುವುದೇ ಆದರೆ ಬೆಳಗ್ಗೆ ಹತ್ತು ಗಂಟೆಗೆಲ್ಲ ಕೆಳಗಿರಬೇಕು. ಚಾರಣಕ್ಕೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ.

## ಹಗ್ಗದ ಕೆಲಸ

ರ‍್ಯಾಪ್ಲಿಂಗ್ ಮಾಡುವಾಗ ಹಗ್ಗ ತುಂಡಾಗಲ್ವಾ?

ಹಗ್ಗದಲ್ಲಿ ಬಂಡೆ ಇಳಿಯಲು (ಅದೇ ರ‍್ಯಾಪ್ಲಿಂಗ್) ಬಳಸುವ 10.5–11 ಮಿಲಿಮೀಟರ್ ದಪ್ಪದ ಹಗ್ಗ ಎರಡು ಸಾವಿರ ಕಿಲೋಗೂ ಹೆಚ್ಚು ಭಾರ ತಡೆಯುತ್ತದೆ. ಮನುಷ್ಯನ ತೂಕಕ್ಕೆ ಅದು ತುಂಡಾಗುವುದಿಲ್ಲ. ಚೂಪು ಅಂಚಿಗೆ ಉಜ್ಜಿದರೆ ತುಂಡಾಗುತ್ತದೆ. ಅದಕ್ಕೇ ಬಂಡೆಯ ಅಂಚಿನಲ್ಲಿ ಹಗ್ಗದ ಕೆಳಗೆ ದಪ್ಪ ಗೋಣಿಚೀಲವೋ ಹಳೆಯ ಜಮಖಾನವೋ ಹಾಸುತ್ತಾರೆ. ಹಗ್ಗ ತುಳಿಯಬೇಡಿ ಎಂದು ಕೂಗುವುದೂ ಅದಕ್ಕೇ. ಶೂ ಒತ್ತಿದ ಹರಳುಮರಳು ಒಳಗಿನ ಎಳೆಗಳ ನಡುವೆ ಸೇರಿ ಒಳಗಿಂದಲೇ ಕೊಯ್ಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ನಿಜವಾಗಿ ಅಪಘಾತ ಆಗುವುದು ಬೇರೆ ಕಡೆ. ಹಾರ್ನೆಸ್ಸಿನ ಬಕಲ್ ಪೂರ್ತಿ ಹಿಂದಕ್ಕೆ ಪೋಣಿಸಿರುವುದಿಲ್ಲ. ಹಗ್ಗ, ಹಾರ್ನೆಸ್ಸು ಜೋಡಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬೀನರಿನ ತಿರುಪು ಬಿಗಿದಿರುವುದಿಲ್ಲ. ಉದ್ದಕ್ಕೆ 22 ಕಿಲೋನ್ಯೂಟನ್ (ಸುಮಾರು 2,200 ಕಿಲೋ ಭಾರ) ತಡೆಯುವ ಕ್ಯಾರಬೀನರ್ ಅಡ್ಡಲಾಗಿ ಎಳೆದರೆ ಏಳೆಂಟು ಮಾತ್ರ ತಡೆಯುತ್ತದೆ. ಹಗ್ಗ ನೆಲ ಮುಟ್ಟಿರುವುದಿಲ್ಲ, ತುದಿಗೆ ತಡೆಗಂಟು ಹಾಕಿರುವುದಿಲ್ಲ. ಬಿಚ್ಚಿದ ಕೂದಲು, ವೇಲು, ಹೂಡಿಯ ದಾರ ಎಂಟರಾಕಾರದ ಇಳಿಸುಬಳೆಗೆ ಸಿಕ್ಕಿ ನಡು ಬಂಡೆಯಲ್ಲಿ ನೇತಾಡುವುದಂತೂ ಪದೇ ಪದೇ ಆಗುವಂಥದ್ದು. ಜಡೆ ಹೆಣೆದು ಅಂಗಿಯೊಳಗೆ ಹಾಕಿ, ವೇಲು ಬಿಚ್ಚಿಡಿ.

ಅಂಚಿಗೆ ಹೋಗುವ ಮುಂಚೆ ಒಬ್ಬರನ್ನೊಬ್ಬರು ಮುಟ್ಟಿ ನೋಡಬೇಕು: ಬಕಲ್, ಗಂಟು, ತಿರುಪು, ಹೆಲ್ಮೆಟ್ ಪಟ್ಟಿ, ಕೆಳಗೆ ಹಗ್ಗ ಹಿಡಿದವರು. ಕಣ್ಣಲ್ಲಿ ನೋಡಿದರೆ ಸಾಲದು, ಬೆರಳಿಂದ ಒತ್ತಿ, ಬಾಯಲ್ಲಿ ಹೆಸರು ಹೇಳಬೇಕು. ಹತ್ತು ವರ್ಷ ಮಾಡಿದವರೂ ಇದನ್ನು ಬಿಡುವಂತಿಲ್ಲ.

ಅಂಚಿಗೆ ನಿಂತಾಗ ಕಾಲು ನಡುಗುತ್ತೆ. ನಂಗೆ ಆಗಲ್ಲ ಅನ್ಸುತ್ತೆ.

ಎಲ್ಲರಿಗೂ ನಡುಗುತ್ತದೆ. ಕಷ್ಟ ಇರುವುದು ಮೊದಲ ಎರಡು ಹೆಜ್ಜೆಯಲ್ಲಿ. ಆಗ ಹಗ್ಗ ಇನ್ನೂ ಪೂರ್ತಿ ಬಿಗಿದಿರುವುದಿಲ್ಲ, ಮೈ ಮಾತ್ರ ಹಿಂದಕ್ಕೆ ಬಾಗುತ್ತಿರುತ್ತದೆ. ಕಾಲು ಭುಜದಗಲಕ್ಕೆ ಅಗಲಿಸಿ, ಮಂಡಿ ಬಗ್ಗಿಸದೆ, ಕುರ್ಚಿಗೆ ಒರಗುವಂತೆ ಸೊಂಟವನ್ನು ನಿಧಾನಕ್ಕೆ ಹಿಂದಕ್ಕೆ ಬಿಡಿ. ಹಾರ್ನೆಸ್ಸು ತೊಡೆಯನ್ನು ಹಿಡಿದುಕೊಂಡಿತು ಅನ್ನಿಸುತ್ತದಲ್ಲ, ಅಲ್ಲಿಗೆ ನೀವು ಹಗ್ಗದ ಮೇಲೆ ಕೂತಿರಿ. ಆಮೇಲೆ ಕಾಲು ತಾನಾಗಿ ಬಂಡೆಯ ಮೇಲೆ ನಡೆಯುತ್ತದೆ. ಹೊಸಬರು ಮಾಡುವ ತಪ್ಪು, ಮೇಲಿನ ಕೈಯಲ್ಲಿ ಹಗ್ಗವನ್ನು ಗಟ್ಟಿ ತಬ್ಬುವುದು. ತಡೆಯುವುದು ಸೊಂಟದ ಪಕ್ಕದ ಕೆಳಗಿನ ಕೈ, ಅದನ್ನು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಆದಮೇಲೂ ಬೇಡ ಅನ್ನಿಸಿದರೆ ‘ಬೇಡ’ ಅನ್ನಿ. ಯಾರೂ ಕಾರಣ ಕೇಳಬಾರದು, ತಳ್ಳಬಾರದು, ಹುರಿದುಂಬಿಸಲು ಗುಂಪಾಗಿ ಕೂಗಬಾರದು.

ಒಂದು ದಿನದಲ್ಲಿ ಎಷ್ಟು ಜನ ಇಳೀಬಹುದು?

ಇಪ್ಪತ್ತು ಮೀಟರ್ ಬಂಡೆಗೆ ಹೊಸಬರೊಬ್ಬರಿಗೆ ಹಾರ್ನೆಸ್ ಹಾಕಿ, ಪರೀಕ್ಷಿಸಿ, ಇಳಿಸಿ, ಬಿಚ್ಚಲು ಹತ್ತು ನಿಮಿಷ. ಒಂದು ಹಗ್ಗದಲ್ಲಿ ಇಪ್ಪತ್ತು ಮಂದಿಗೆ ಮೂರು ಗಂಟೆಗೂ ಹೆಚ್ಚು. ನಲವತ್ತು ಮಂದಿಯನ್ನು ಒಂದು ಹಗ್ಗಕ್ಕೆ ಕರೆತಂದರೆ ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಾದಿರುತ್ತದೆ, ಕಾದು ಬೇಸತ್ತವರು ಅಂಚಿನ ಬಳಿ ಓಡಾಡುತ್ತಾರೆ, ಪರೀಕ್ಷಿಸುವವರ ಕಣ್ಣೂ ಸೋತಿರುತ್ತದೆ.

ಹೊಸ ಕ್ಲಬ್ಬಿಗೆ ಮೊದಲು ಯಾವ ಸಾಮಾನು ತಗೋಬೇಕು?

ಮೊದಲು ಹೆಲ್ಮೆಟ್ಟು, ಆಮೇಲೆ ಹಾರ್ನೆಸ್ಸು, ತಿರುಪಿನ ಕ್ಯಾರಬೀನರು, 120 ಸೆಂಟಿಮೀಟರಿನ ಸ್ಲಿಂಗು (ಬಳೆಯಂತೆ ಹೊಲಿದ ಗಟ್ಟಿ ಪಟ್ಟಿ), ಕೊನೆಗೆ ಹಗ್ಗ. ಹಗ್ಗದಲ್ಲಿ ಎರಡು ಜಾತಿ. ಹಿಗ್ಗದ ಹಗ್ಗ ಇಳಿಯಲು, ಹಿಗ್ಗುವ ಹಗ್ಗ ಹತ್ತಲು. ಹಿಗ್ಗದ ಹಗ್ಗ ಕಟ್ಟಿಕೊಂಡು ಮುಂದಾಳಾಗಿ ಬಂಡೆ ಹತ್ತಿ ಬಿದ್ದರೆ ಹಗ್ಗ ಉಳಿಯುತ್ತದೆ, ಬಿದ್ದವರ ಬೆನ್ನುಮೂಳೆ ಉಳಿಯುವುದಿಲ್ಲ. ಯಾರೋ ಬಳಸಿದ ಹಗ್ಗವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ, ಅದರ ಚರಿತ್ರೆ ನಿಮಗೆ ಗೊತ್ತಿಲ್ಲ. ಬಳಸದೇ ಇಟ್ಟಿದ್ದರೂ ತಯಾರಾಗಿ ಹತ್ತು ವರ್ಷ ದಾಟಿದ ಹಗ್ಗ ಬೇಡ. ಬ್ಯಾಟರಿ ಆ್ಯಸಿಡ್ ಇರುವ ಲ್ಯಾಬಿನ ಮೂಲೆಯಲ್ಲಿ, ಬಿಸಿಲು ಬೀಳುವ ಕಿಟಕಿ ಪಕ್ಕ ಹಗ್ಗ ಇಡಬೇಡಿ.

## ಮುಂದೆ

ಕ್ಲಬ್ಬಲ್ಲಿ ಲೀಡರ್ ಆಗೋಕೆ ಏನ್ ಮಾಡಬೇಕು?

ಒಂದು ವರ್ಷ ಸಾಲಿನ ಕೊನೆಯಲ್ಲಿ ನಡೆಯಿರಿ. ಕೊನೆಯಲ್ಲಿ ನಡೆದವರಿಗೇ ಯಾರ ಉಸಿರು ಹೇಗಿದೆ, ಯಾರು ಕುಂಟುವುದನ್ನು ಮುಚ್ಚಿಡುತ್ತಿದ್ದಾರೆ ಎಂದು ಕಾಣುವುದು. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆಯಿರಿ. ಆಮೇಲೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿ ಇರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಬಂಡೆ ಹತ್ತುವ ತರಬೇತಿಗೆ ಅರ್ಜಿ ಹಾಕಿ. ಎನ್‌ಸಿಸಿಯಲ್ಲಿ ಇರುವವರು ಅದರ ಸಾಹಸ ಶಿಬಿರಗಳನ್ನು ಕೇಳಿ.

ಹಿಮಾಲಯದ ಕೋರ್ಸಿಗೆ ಇಲ್ಲಿಂದ ಹೋಗಬಹುದಾ?

ಹೋಗಬಹುದು. ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ 1954ರದ್ದು, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರದ್ದು, ಮನಾಲಿಯಲ್ಲೂ ಒಂದಿದೆ. ಬೇಸಿಕ್ ಕೋರ್ಸು ಸುಮಾರು ನಾಲ್ಕು ವಾರ. ಅದರಲ್ಲಿ ‘ಎ’ ಗ್ರೇಡ್ ಬಂದವರಿಗೆ ಮಾತ್ರ ಅಡ್ವಾನ್ಸ್ ಕೋರ್ಸು. ಸೀಟು ತಿಂಗಳುಗಟ್ಟಲೆ ಮುಂಚೆ ತುಂಬುತ್ತದೆ, ಆದ್ದರಿಂದ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಹಿಂದಿನ ವರ್ಷವೇ ಅರ್ಜಿ ಹಾಕಿ. ಇಲ್ಲಿಯ ಮಕ್ಕಳಿಗೆ ಬಂಡೆ ಕಷ್ಟವಲ್ಲ. ಕಷ್ಟ ಆಗುವುದು ಬೆನ್ನಿನ ಭಾರ ಮತ್ತು ತೆಳು ಗಾಳಿ. ನಮ್ಮ ನಂದಿಬೆಟ್ಟವೇ 1,478 ಮೀಟರ್, ಅಲ್ಲಿ ಅದರ ಎರಡು ಮೂರು ಪಟ್ಟು ಎತ್ತರದಲ್ಲಿ ಹೊರೆ ಹೊತ್ತು ನಡೆಯಬೇಕು. ಹೋಗುವ ಮೂರು ತಿಂಗಳು ಮುಂಚಿನಿಂದ ವಾರಕ್ಕೊಮ್ಮೆ 15 ಕಿಲೋ ಹೊತ್ತು ಹತ್ತಿರದ ಬೆಟ್ಟ ಹತ್ತಿ ಇಳಿಯಿರಿ.

ನಮ್ಮ ಕಾಲೇಜಲ್ಲಿ ಕ್ಲಬ್ಬೇ ಇಲ್ಲ. ನಾವೇ ಶುರು ಮಾಡಬಹುದಾ?

ಮಾಡಿ. ಹತ್ತು ವಿದ್ಯಾರ್ಥಿಗಳು, ಒಪ್ಪಿದ ಇಬ್ಬರು ಅಧ್ಯಾಪಕರು (ಒಬ್ಬರು ಮೇಡಂ ಆಗಿರಲಿ), ಪ್ರಾಂಶುಪಾಲರ ಸಹಿ ಇರುವ ಒಂದು ಪತ್ರ ಇದ್ದರೆ ಶುರುವಾಯಿತು. ಪ್ರಾಂಶುಪಾಲರ ಹತ್ತಿರ ಹೋಗುವಾಗ ‘ಸರ್, ಟ್ರೆಕ್ಕಿಂಗ್ ಕ್ಲಬ್ ಬೇಕು’ ಎಂದು ಬರಿಗೈಯಲ್ಲಿ ಹೋಗಬೇಡಿ. ಒಪ್ಪಿಗೆ ಪತ್ರದ ನಮೂನೆ, ಮೊದಲ ಮೂರು ಚಾರಣದ ದಾರಿ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಯಾರ ಜವಾಬ್ದಾರಿ ಏನು ಎಂದು ಬರೆದ ಎರಡು ಪುಟ ಒಯ್ಯಿರಿ. ಅವರಿಗೆ ಭಯ ಇರುವುದು ಅಪಘಾತದ ಬಗ್ಗೆ, ಅದಕ್ಕೆ ಉತ್ತರ ಮೊದಲ ಪುಟದಲ್ಲೇ ಇರಲಿ.

ಮೊದಲ ವರ್ಷ ಹಗ್ಗ ಮುಟ್ಟಬೇಡಿ. ಮೂರು ಕಾಲುದಾರಿ ಚಾರಣ, ಒಂದು ಪ್ರಥಮ ಚಿಕಿತ್ಸೆಯ ತರಗತಿ, ಒಂದು ಬೆಟ್ಟದ ಕಸ ಹೆಕ್ಕುವ ದಿನ, ಅಷ್ಟು ಸಾಕು. ಪ್ರತಿ ಚಾರಣ ಮುಗಿದ ಮಾರನೇ ದಿನ ಅರ್ಧ ಗಂಟೆ ಕೂತು ಬರೆದಿಡಿ: ಹೊರಟ ಹೊತ್ತು, ತುದಿ ಮುಟ್ಟಿದ ಹೊತ್ತು, ಇಳಿದ ಹೊತ್ತು, ಯಾರಿಗೆ ಏನಾಯಿತು, ನೀರು ಎಲ್ಲಿ ಖಾಲಿಯಾಯಿತು, ಜೇನು ಎಲ್ಲಿ ಕಟ್ಟಿತ್ತು. ಮುಂದಿನ ವರ್ಷ ನೀವು ಪರೀಕ್ಷೆ ಮುಗಿಸಿ ಹೊರಟುಹೋದ ಮೇಲೆ ಅದೇ ಬೆಟ್ಟಕ್ಕೆ ಹೊಸಬರನ್ನು ಕರೆದೊಯ್ಯುವ ಹುಡುಗ ಹುಡುಗಿಯರ ಕೈಗೆ ಆ ಪುಸ್ತಕ ಕೊಟ್ಟು ಹೋಗಿ.